ಕ್ಲೌಡ್ ಬೇಕಾ, ಎಡ್ಜ್ ಬೇಕಾ? ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲಿನ ಸಂಘದ ಕಾರ್ಯದರ್ಶಿಗಳು, ಟೊಮೆಟೊ ಮಂಡಿಯವರು, ರೇಷ್ಮೆ ಸಾಕುವವರು, ನರಸಾಪುರ ಮತ್ತು ವೇಮಗಲ್ ಕಡೆ ಸಣ್ಣ ಕಾರ್ಖಾನೆ ಇಟ್ಟವರು, ಇಂಜಿನಿಯರಿಂಗ್ ಓದುವ ಮಕ್ಕಳು. ಇವರೆಲ್ಲ ಮಾತಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ತಾಂತ್ರಿಕವಾದದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲ ಪ್ರಶ್ನೆಗಳು

ಕ್ಲೌಡ್ ಕ್ಲೌಡ್ ಅಂತೀರಲ್ಲ ಸಾರ್, ನಮ್ಮ ಡೇಟಾ ನಿಜವಾಗಿ ಎಲ್ಲಿ ಕೂತಿರುತ್ತೆ?

ಯಾವುದೋ ಊರಿನ ಒಂದು ದೊಡ್ಡ ಕಟ್ಟಡದಲ್ಲಿ. ಅದಕ್ಕೆ ಡೇಟಾ ಸೆಂಟರ್ ಅನ್ನುತ್ತಾರೆ. ಒಳಗೆ ಸಾವಿರಾರು ಸರ್ವರ್‌ಗಳು (ಹಗಲೂ ರಾತ್ರಿ ಓಡುವ ದೊಡ್ಡ ಕಂಪ್ಯೂಟರ್‌ಗಳು), ಅವನ್ನು ತಣ್ಣಗಿಡುವ ಯಂತ್ರಗಳು, ಕರೆಂಟ್ ಹೋದರೆ ಹಿಡಿದುಕೊಳ್ಳುವ ಬ್ಯಾಟರಿ ಮತ್ತು ಜನರೇಟರ್‌ಗಳು ಇರುತ್ತವೆ. ಅಮೆಜಾನ್ ತನ್ನ ಸರ್ವರ್‌ಗಳನ್ನು ಹೊರಗಿನವರಿಗೆ ಬಾಡಿಗೆಗೆ ಕೊಡಲು ಶುರು ಮಾಡಿದ್ದು 2006ರಲ್ಲಿ. ಭಾರತದಲ್ಲಿ ಅದರ ಕೇಂದ್ರ 2016ರಲ್ಲಿ ಮುಂಬೈಗೆ ಬಂತು, 2022ರಲ್ಲಿ ಹೈದರಾಬಾದ್‌ಗೆ ಬಂತು. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈಗಳಲ್ಲಿ ತೆರೆದಿತ್ತು. ಗೂಗಲ್‌ನದು ಮುಂಬೈ ಮತ್ತು ದೆಹಲಿಯಲ್ಲಿದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವಾಗ ನಾನು ಕೆಜಿಎಫ್ ಗಣಿಯ ಕರೆಂಟನ್ನು ನೆನಪಿಸುತ್ತೇನೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ತಂದರು. ಗಣಿಯವರು ತಮ್ಮ ಹತ್ತಿರ ಜಲಪಾತ ಇಟ್ಟುಕೊಳ್ಳಬೇಕಾಗಿರಲಿಲ್ಲ. ಬಳಸಿದಷ್ಟಕ್ಕೆ ದುಡ್ಡು ಕೊಟ್ಟರೆ ಸಾಕಿತ್ತು. ಕ್ಲೌಡ್ ಕೂಡ ಹಾಗೇ: ಲೆಕ್ಕ ಮಾಡುವ ಶಕ್ತಿ ದೂರದಲ್ಲಿ ಹುಟ್ಟುತ್ತದೆ, ತಂತಿಯಲ್ಲಿ ನಿಮ್ಮ ಹತ್ತಿರ ಬರುತ್ತದೆ. ಬೇಕಾದಾಗ ಜಾಸ್ತಿ ತಗೊಳ್ಳಬಹುದು, ಬೇಡವಾದಾಗ ಬಿಡಬಹುದು. ತಂತಿ ಕಡಿದರೆ ಮಾತ್ರ ಏನೂ ಬರುವುದಿಲ್ಲ.

ಹಾಗಾದ್ರೆ ಎಡ್ಜ್ ಅಂದ್ರೆ? ಹಳೇ ಕಂಪ್ಯೂಟರ್‌ಗೇ ಹೊಸ ಹೆಸರು ಇಟ್ಟಿದ್ದಾರೆ ಅಲ್ವಾ?

ಅರ್ಧ ನಿಜ. ಕೆಲಸ ನಡೆಯುವ ಜಾಗದಲ್ಲೇ, ಅಥವಾ ಅದರ ಪಕ್ಕದಲ್ಲೇ, ಲೆಕ್ಕ ಮಾಡಿ ತೀರ್ಮಾನ ತಗೊಳ್ಳುವುದಕ್ಕೆ ಎಡ್ಜ್ ಅನ್ನುತ್ತಾರೆ. ಬೋರ್‌ವೆಲ್ ಮೋಟರ್‌ಗೆ ಹಾಕಿಸಿರುವ ಮೊಬೈಲ್ ಸ್ಟಾರ್ಟರ್ ನೋಡಿ. ನೀರು ಬತ್ತಿ ಮೋಟರ್ ಒಣಗೆ ಓಡಲು ಶುರುವಾದರೆ ಅದು ಎಳೆಯುವ ಕರೆಂಟು ಇಳಿಯುತ್ತದೆ. ಸ್ಟಾರ್ಟರ್ ಅದನ್ನು ಕಂಡು ಕೆಲವೇ ಸೆಕೆಂಡಿನಲ್ಲಿ ಮೋಟರ್ ಆಫ್ ಮಾಡುತ್ತದೆ. ಆಮೇಲೆ ನಿಮಗೆ ಮೆಸೇಜ್ ಕಳಿಸುತ್ತದೆ. ಆಫ್ ಮಾಡಲು ಯಾರ ಅಪ್ಪಣೆಗೂ ಅದು ಕಾಯುವುದಿಲ್ಲ. ಸಾವಿರ ಅಡಿ ದಾಟಿದ ಬೋರ್‌ಗಳ ನಮ್ಮ ಸೀಮೆಯಲ್ಲಿ ಸುಟ್ಟ ಮೋಟರ್ ಮೇಲೆತ್ತಿಸುವ ಖರ್ಚು ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಹೊಸದೇನು ಅಂದರೆ, ಇಂಥ ಸಾಧನ ಈಗ ಒಂಟಿಯಲ್ಲ. ಅದರೊಳಗಿನ ನಿಯಮಗಳನ್ನು ದೂರದಿಂದ ಬದಲಾಯಿಸಬಹುದು. ಅದು ಕಂಡದ್ದನ್ನು ಕ್ಲೌಡ್‌ನಲ್ಲಿ ಕೂಡಿಡಬಹುದು. ಹಳೇ ಕಂಪ್ಯೂಟರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕೆಲಸವನ್ನು ಜನರ ಹತ್ತಿರ ತರುವ ಯೋಚನೆ ಮಾತ್ರ ಹಳೆಯದು. 1998ರಲ್ಲಿ ಶುರುವಾದ ಅಕಮಾಯ್ ಕಂಪನಿ ವೆಬ್‌ಸೈಟ್‌ಗಳ ಪ್ರತಿಗಳನ್ನು ಬಳಸುವವರ ಹತ್ತಿರದ ಸರ್ವರ್‌ಗಳಲ್ಲಿ ಇಡುವುದನ್ನೇ ವ್ಯಾಪಾರ ಮಾಡಿಕೊಂಡಿತು.

ನನ್ನ ಫೋನಲ್ಲಿ ಇರೋದು ಯಾವುದು?

ಎರಡೂ ಇದೆ. ಮುಖ ತೋರಿಸಿ ಲಾಕ್ ತೆಗೆಯುವುದು ಫೋನಿನ ಒಳಗೇ ಆಗುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿ, ಆಗಲೂ ತೆರೆಯುತ್ತದೆ. ಫೋಟೋ ಬ್ಯಾಕಪ್ ಆಗುವುದು ಕ್ಲೌಡ್‌ಗೆ. ನೆಟ್ ಇಲ್ಲದಿದ್ದರೆ ಅದು ಸುಮ್ನೆ ಕಾಯುತ್ತದೆ.

ನಮ್ಮೂರ ಡೈರಿಯಲ್ಲಿ ಹಾಲು ಅಳೆಯೋ ಮೆಷಿನ್ ಎಡ್ಜಾ, ಕ್ಲೌಡಾ?

ಅಳತೆ ಎಡ್ಜ್, ಲೆಕ್ಕ ಇಡುವುದು ಕ್ಲೌಡ್. ಹಾಗಿದ್ದರೇ ಚೆಂದ. ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತಿರುತ್ತದೆ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಚೀಟಿ ಬರಬೇಕು. ಅಷ್ಟಕ್ಕೆ ದೂರದ ಸರ್ವರ್ ಉತ್ತರ ಕೊಡಲಿ ಎಂದು ಕಾದರೆ, ನೆಟ್ ಹೋದ ದಿನ ಇಡೀ ಸಾಲು ನಿಂತುಬಿಡುತ್ತದೆ. ಹಾಲು ಕಾಯುವ ವಸ್ತುವಲ್ಲ. ಕರೆದ ಮೇಲೆ ಬೇಗ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್) ಸೇರಿ 4 ಡಿಗ್ರಿಗೆ ಇಳಿಯದಿದ್ದರೆ ಕೆಡುತ್ತದೆ. ಆದ್ದರಿಂದ ಅಳತೆ, ರೇಟು, ಚೀಟಿ ಮೂರೂ ಆ ಮೇಜಿನ ಮೇಲಿನ ಯಂತ್ರದಲ್ಲೇ ಮುಗಿಯಬೇಕು.

ಬಟವಾಡೆ ಲೆಕ್ಕ ಬೇರೆ ವಿಷಯ. ಅದು ಸಂಘದಿಂದ ಒಕ್ಕೂಟಕ್ಕೆ ಹೋಗಬೇಕು, ಬ್ಯಾಂಕಿಗೆ ಹೋಗಬೇಕು, ಹಳ್ಳಿ ಹಳ್ಳಿಯ ಹಾಲನ್ನು ಹೋಲಿಸಿ ನೋಡಬೇಕು. ಅದು ಒಂದು ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ. ನಿಮ್ಮ ಸಂಘಕ್ಕೆ ಹೊಸ ಯಂತ್ರ ಬಂದಾಗ ಒಂದು ಪರೀಕ್ಷೆ ಮಾಡಿ. ನೆಟ್‌ನ ವೈರ್ ಅಥವಾ ಸಿಮ್ ತೆಗೆದು ಹಾಲು ಹಾಕಿಸಿ. ಚೀಟಿ ಬಂದರೆ ತಗೊಳ್ಳಿ. ಬರದಿದ್ದರೆ ತಗೊಳ್ಳಬೇಡಿ.

## ವೇಗ, ನೆಟ್, ಖರ್ಚು

ಕೋಲಾರದಿಂದ ಮುಂಬೈಗೆ ಡೇಟಾ ಹೋಗಿ ಬರೋಕೆ ಎಷ್ಟು ಹೊತ್ತು? ಅಷ್ಟೊಂದು ತಡ ಆಗುತ್ತಾ?

ದೂರದಿಂದ ಆಗುವ ತಡ ಜನ ಅಂದುಕೊಂಡಷ್ಟಿಲ್ಲ. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬೈ ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ ಹೋಗಿ ಬರಲು 10 ಮಿಲಿಸೆಕೆಂಡ್ (ಸೆಕೆಂಡಿನ ನೂರರಲ್ಲಿ ಒಂದು ಭಾಗ) ಸಾಕು. ನಡುವೆ ಸಿಗುವ ಉಪಕರಣಗಳು ಸ್ವಲ್ಪ ಸೇರಿಸುತ್ತವೆ. 4ಜಿ ಸಿಗ್ನಲ್ ಇನ್ನೂ ಕೆಲವು ಹತ್ತು ಮಿಲಿಸೆಕೆಂಡ್ ಸೇರಿಸುತ್ತದೆ. ಮನುಷ್ಯ ಕೂತು ನೋಡುವ ಕೆಲಸಕ್ಕೆ ಇದು ಗೊತ್ತೇ ಆಗುವುದಿಲ್ಲ.

ನಿಜವಾದ ತಡ ಕಳಿಸುವುದರಲ್ಲಿದೆ. ಟೊಮೆಟೊ ವಿಂಗಡಿಸುವ ಬೆಲ್ಟ್ ಒಂದನ್ನು ಊಹಿಸಿಕೊಳ್ಳಿ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದೆ. ಕ್ಯಾಮೆರಾ ಹಣ್ಣಿನ ಫೋಟೋ ತೆಗೆಯುತ್ತದೆ, 200 ಕೆಬಿ. ನಿಮ್ಮ ಅಪ್‌ಲೋಡ್ ವೇಗ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್, ಅಂದರೆ ಸುಮಾರು 500 ಕೆಬಿ) ಇದ್ದರೆ ಆ ಫೋಟೋ ಮೇಲೆ ಹೋಗಲಿಕ್ಕೇ 0.4 ಸೆಕೆಂಡ್ ಬೇಕು. ಅಷ್ಟರಲ್ಲಿ ಹಣ್ಣು 40 ಸೆಂಟಿಮೀಟರ್ ಮುಂದೆ ಹೋಗಿದೆ.

"ಹಾಗಿದ್ರೆ ಕೆಟ್ಟ ಹಣ್ಣನ್ನು ಪಕ್ಕಕ್ಕೆ ತಳ್ಳುವ ಯಂತ್ರದ ಕೈಯನ್ನು ಮುಂದಕ್ಕೆ ಇಟ್ಟರೆ ಆಯ್ತಲ್ಲ?" ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆ ಪ್ರಶ್ನೆ. ತಡ ಯಾವಾಗಲೂ ಅಷ್ಟೇ ಇದ್ದರೆ ಹಾಗೆ ಮಾಡಬಹುದು. ಆದರೆ ನೆಟ್‌ನಲ್ಲಿ ತಡ ಒಂದೇ ಥರ ಇರುವುದಿಲ್ಲ. ಒಂದು ಸಲ ಅರ್ಧ ಸೆಕೆಂಡ್, ಇನ್ನೊಂದು ಸಲ ಒಂದೂವರೆ ಸೆಕೆಂಡ್. ಅದಲ್ಲದೆ ಒಂದು ಹಣ್ಣಿನ ಫೋಟೋ ಹೋಗುವಷ್ಟರಲ್ಲಿ ಹಿಂದಿನಿಂದ ಇನ್ನೂ ನಾಲ್ಕು ಹಣ್ಣು ಬಂದಿರುತ್ತವೆ. ಅವುಗಳ ಫೋಟೋ ಒಂದರ ಹಿಂದೆ ಒಂದು ಕಾಯುತ್ತಾ ಸಾಲು ಬೆಳೆಯುತ್ತಲೇ ಹೋಗುತ್ತದೆ. ಇಂಥ ಕಡೆ ಬೆಲ್ಟ್ ಪಕ್ಕದಲ್ಲೇ ಎಡ್ಜ್ ಬಾಕ್ಸ್, ಅಂದರೆ ಲೆಕ್ಕ ಮಾಡುವ ಚಿಕ್ಕ ಕಂಪ್ಯೂಟರ್, ಇಡಬೇಕು. ಬೇರೆ ದಾರಿಯಿಲ್ಲ.

ನೆಟ್ ಹೋದ್ರೆ ಏನ್ ಗತಿ?

ಪೂರ್ತಿ ಕ್ಲೌಡ್ ಮೇಲೆ ನಿಂತ ವ್ಯವಸ್ಥೆಯಾದರೆ ಕೆಲಸ ನಿಂತಿತು. ಎಡ್ಜ್ ಇದ್ದರೆ ಸಾಧನ ತನ್ನ ಹತ್ತಿರವೇ ಬರೆದಿಟ್ಟುಕೊಂಡು, ನೆಟ್ ಬಂದಾಗ ಕಳಿಸುತ್ತದೆ. ಕೇಳಲು ಸುಲಭ. ಆದರೆ ಇದರಲ್ಲಿ ಕೈ ಕೊಡುವ ಜಾಗಗಳಿವೆ. ಹಳ್ಳಿ ಕಡೆ ನೆಟ್ ಒಂದೇ ಹೋಗುವುದಿಲ್ಲ, ಕರೆಂಟಿನ ಜೊತೆ ಹೋಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಒಂದು, ಗಡಿಯಾರ. ರಾಸ್ಪ್‌ಬೆರಿ ಪೈ ಥರದ ಚಿಕ್ಕ ಕಂಪ್ಯೂಟರ್ ಬೋರ್ಡ್‌ಗಳ ಹಳೆಯ ಮಾದರಿಗಳಲ್ಲಿ ಕರೆಂಟ್ ಇಲ್ಲದೆ ಓಡುವ ಗಡಿಯಾರ ಇರಲಿಲ್ಲ. 2023ರಲ್ಲಿ ಬಂದ ಐದನೇ ಮಾದರಿಯಲ್ಲಿ ಇದೆ, ಆದರೆ ಅದರ ಬ್ಯಾಟರಿಯನ್ನು ನಾವೇ ಕೊಂಡು ಹಾಕಬೇಕು. ಗಡಿಯಾರ ಇಲ್ಲದ ಬೋರ್ಡ್ ನೆಟ್‌ನಿಂದ ಸಮಯ ತಿಳಿಯುತ್ತದೆ. ಕರೆಂಟ್ ಹೋಗಿ ಬಂದು, ನೆಟ್ ಇನ್ನೂ ಬಂದಿಲ್ಲದಿದ್ದರೆ ಎಲ್ಲ ಎಂಟ್ರಿಗೂ ತಪ್ಪು ಸಮಯ ಬೀಳುತ್ತದೆ. ಬೆಳಗಿನ ಹಾಲು ಹಿಂದಿನ ಸಂಜೆಯ ಲೆಕ್ಕಕ್ಕೆ ಸೇರುತ್ತದೆ. ಆರ್‌ಟಿಸಿ ಅನ್ನುವ ಸಣ್ಣ ಗಡಿಯಾರದ ಚಿಪ್ಪು ಅಗ್ಗ. ಅದನ್ನು ಹಾಕಿಸಲೇಬೇಕು.

ಎರಡು, ಮೆಮೊರಿ ಕಾರ್ಡ್. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡುವುದುಂಟು. ಚಿಕ್ಕ ಯುಪಿಎಸ್ ಹಾಕಿಸಿ. ಕಾರ್ಡ್ ಬದಲು ಎಸ್‌ಎಸ್‌ಡಿ ಇದ್ದರೆ ಇನ್ನೂ ಒಳ್ಳೆಯದು.

ಮೂರು, ಎಷ್ಟು ದಿನದ ಡೇಟಾ ಹಿಡಿಯುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಜಾಗ ತುಂಬಿದಾಗ ಹಳೆಯದನ್ನು ಅಳಿಸುತ್ತದೋ, ಹೊಸದನ್ನು ಬಿಡುತ್ತದೋ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಮಾರಾಟಗಾರರಿಂದ ಕೊಳ್ಳಬೇಡಿ.

ಅಂಗಡಿ, ಗೋಡೌನ್ ಸಿಸಿಟಿವಿ ಪೂರ್ತಿ ಕ್ಲೌಡ್‌ಗೆ ಹಾಕಬಹುದಾ?

ಲೆಕ್ಕ ಹಾಕಿ ನೋಡೋಣ. ಒಂದು ಸಾಧಾರಣ ಫುಲ್ ಎಚ್‌ಡಿ ಕ್ಯಾಮೆರಾ 4 ಎಂಬಿಪಿಎಸ್ ತಗೊಳ್ಳುತ್ತದೆ ಎಂದುಕೊಳ್ಳಿ. ಗಂಟೆಗೆ 1.8 ಜಿಬಿ, ದಿನಕ್ಕೆ 43 ಜಿಬಿ ಆಯಿತು. ಎಂಟು ಕ್ಯಾಮೆರಾಗೆ ದಿನಕ್ಕೆ ಸುಮಾರು 345 ಜಿಬಿ, ತಿಂಗಳಿಗೆ 10 ಟಿಬಿ (ಹತ್ತು ಸಾವಿರ ಜಿಬಿ) ದಾಟುತ್ತದೆ. ಹಗಲೂ ರಾತ್ರಿ 32 ಎಂಬಿಪಿಎಸ್ ಅಪ್‌ಲೋಡ್ ಬೇಕು. ಅದನ್ನು ಇಡಲು ಕ್ಲೌಡ್‌ನಲ್ಲಿ ಬಾಡಿಗೆ ಬೇರೆ. ಅದರಲ್ಲಿ ಹೆಚ್ಚು ಭಾಗ ಖಾಲಿ ಗೋಡೌನಿನ ಗೋಡೆ.

ವಿಡಿಯೋ ಸ್ಥಳದಲ್ಲೇ ಡಿವಿಆರ್ ಅಥವಾ ಎನ್‌ವಿಆರ್‌ನಲ್ಲಿ (ಕ್ಯಾಮೆರಾದ ವಿಡಿಯೋ ಉಳಿಸಿಡುವ ಪೆಟ್ಟಿಗೆ) ಇರಲಿ. ರಾತ್ರಿ ಯಾರಾದರೂ ಓಡಾಡಿದರೆ ಆ ಒಂದು ತುಣುಕು ಮಾತ್ರ ಮೇಲೆ ಹೋಗಲಿ. ಕಳ್ಳ ಡಿವಿಆರನ್ನೇ ಹೊತ್ತುಕೊಂಡು ಹೋದರೆ ಆ ತುಣುಕು ಕ್ಲೌಡ್‌ನಲ್ಲಿ ಉಳಿದಿರುತ್ತದೆ.

ಎರಡರಲ್ಲಿ ಯಾವುದು ಅಗ್ಗ?

ಕ್ಲೌಡ್‌ನಲ್ಲಿ ಮೊದಲ ದಿನದ ಖರ್ಚು ಕಡಿಮೆ, ತಿಂಗಳ ಬಿಲ್ಲು ನಿಲ್ಲುವುದಿಲ್ಲ. ಎಡ್ಜ್‌ನಲ್ಲಿ ಮೊದಲೇ ಬಾಕ್ಸ್ ಕೊಳ್ಳಬೇಕು, ಆಮೇಲೆ ಕರೆಂಟ್ ಮತ್ತು ರಿಪೇರಿ. ಇಷ್ಟು ಎಲ್ಲರೂ ಹೇಳುತ್ತಾರೆ.

ಎರಡು ಕಡೆಯೂ ಹೇಳದೆ ಬಿಡುವ ಖರ್ಚುಗಳಿವೆ. ಕ್ಲೌಡ್ ಕಂಪನಿಗಳು ಸಾಮಾನ್ಯವಾಗಿ ಡೇಟಾ ಒಳಗೆ ಹಾಕಲು ದುಡ್ಡು ಕೇಳುವುದಿಲ್ಲ, ಹೊರಗೆ ತೆಗೆಯಲು ಕೇಳುತ್ತವೆ. ದಿನಾ ದೊಡ್ಡ ವರದಿಗಳನ್ನು, ವಿಡಿಯೋಗಳನ್ನು ಇಳಿಸಿಕೊಳ್ಳುವವರಿಗೆ ಇದು ಭಾರವಾಗುತ್ತದೆ. ಎಡ್ಜ್‌ನಲ್ಲಿ ದೊಡ್ಡ ಖರ್ಚು ಮನುಷ್ಯನದು. ಮುಳಬಾಗಿಲು ಗಡಿಯ ಹಳ್ಳಿಯೊಂದರಲ್ಲಿ ಬಾಕ್ಸ್ ನಿಂತರೆ ಯಾರೋ ಬೈಕ್ ಹತ್ತಿ ಹೋಗಬೇಕು. ಇಲಿ ವೈರ್ ಕಡಿದಿರುತ್ತದೆ, ಇಲ್ಲವೇ ಸಿಡಿಲಿಗೆ ಪೋರ್ಟ್ ಹೋಗಿರುತ್ತದೆ. ಒಂದು ಜಾಗಕ್ಕಾದರೆ ಪರವಾಗಿಲ್ಲ. ಇನ್ನೂರು ಜಾಗ ಇದ್ದರೆ ಓಡಾಡುವವರ ಸಂಬಳ ಬಾಕ್ಸ್‌ಗಳ ಬೆಲೆಯನ್ನು ಮೀರುತ್ತದೆ. ಅರ್ಥಿಂಗ್ ಸರಿಯಾಗಿ ಮಾಡಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಬಾಕ್ಸ್‌ಗೆ ಕೊಡುವ ದುಡ್ಡಿನಷ್ಟೇ ಗಮನ ಇದಕ್ಕೂ ಕೊಡಿ.

5ಜಿ ಬಂದ್ಮೇಲೆ ಎಡ್ಜ್ ಯಾಕೆ ಬೇಕು?

5ಜಿ ಭಾರತಕ್ಕೆ ಬಂದದ್ದು 2022ರ ಅಕ್ಟೋಬರ್ 1ರಂದು. ಅದರಿಂದ ಫೋನಿನಿಂದ ಟವರ್‌ವರೆಗಿನ ತಡ ಕಡಿಮೆಯಾಗುತ್ತದೆ. ಟವರ್‌ನಿಂದ ಡೇಟಾ ಸೆಂಟರ್‌ಗೆ ಇರುವ ದೂರ ಹಾಗೇ ಇರುತ್ತದೆ. ಟವರ್‌ಗೇ ಕರೆಂಟ್ ಇಲ್ಲದಿದ್ದರೆ 5ಜಿ ಕೂಡ ಇಲ್ಲ. ಟೆಲಿಕಾಂ ಕಂಪನಿಗಳೇ ಟವರ್ ಪಕ್ಕದಲ್ಲಿ, ಎಕ್ಸ್‌ಚೇಂಜ್‌ನಲ್ಲಿ ಸರ್ವರ್ ಇಡುವ ಪದ್ಧತಿ ಇದೆ. ಅದೂ ಎಡ್ಜ್‌ನ ಒಂದು ಬಗೆಯೇ. ಹಾಗಾಗಿ 5ಜಿ ಬಂದರೂ ಎಡ್ಜ್‌ಗೆ ಕೆಲಸ ಇದ್ದೇ ಇದೆ.

## ನಮ್ಮ ಕೆಲಸಕ್ಕೆ ಯಾವುದು ಸರಿ

ಟೊಮೆಟೊ ತೋಟಕ್ಕೆ ಮಣ್ಣಿನ ಸೆನ್ಸರ್ ಹಾಕಿಸಬೇಕು ಅಂತಿದ್ದೀನಿ ಅಣ್ಣ. ಎಡ್ಜ್ ಬಾಕ್ಸ್ ಕೂಡ ತಗೊಳ್ಳಿ ಅಂತಿದ್ದಾರೆ. ಬೇಕಾ?

ಬೇಡ ತಮ್ಮ. ಹತ್ತು ನಿಮಿಷಕ್ಕೊಮ್ಮೆ ತೇವಾಂಶ ಅಳೆದರೆ ದಿನಕ್ಕೆ 144 ಸಲ ಆಯಿತು. ಒಂದೊಂದೂ 50 ಬೈಟ್ ಅಂದರೆ ಇಡೀ ದಿನಕ್ಕೆ 7 ಕೆಬಿ. ಒಂದು ವಾಟ್ಸಾಪ್ ಫೋಟೋಗಿಂತ ಎಷ್ಟೋ ಕಡಿಮೆ. ಮಣ್ಣು ನಿಧಾನವಾಗಿ ಒಣಗುತ್ತದೆ. ಅರ್ಧ ಗಂಟೆ ತಡವಾಗಿ ಗೊತ್ತಾದರೆ ಗಿಡ ಸಾಯುವುದಿಲ್ಲ. ಸೆನ್ಸರ್ ನೇರವಾಗಿ ಕ್ಲೌಡ್‌ಗೆ ಕಳಿಸಲಿ, ನೀವು ಫೋನಿನಲ್ಲಿ ನೋಡಿ.

ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಲೋರಾ ಅನ್ನುವ ರೇಡಿಯೋ ಇದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಬಯಲಿನಲ್ಲಿ ಕೆಲವು ಕಿಲೋಮೀಟರ್ ಹೋಗುತ್ತದೆ, ಬ್ಯಾಟರಿ ಬಹಳ ದಿನ ಬರುತ್ತದೆ. ಸಿಗ್ನಲ್ ಸಿಗುವ ಮನೆ ಮೇಲೆ ಒಂದು ಗೇಟ್‌ವೇ (ರೇಡಿಯೋದಲ್ಲಿ ಬಂದದ್ದನ್ನು ನೆಟ್‌ಗೆ ದಾಟಿಸುವ ಪೆಟ್ಟಿಗೆ) ಇಟ್ಟರೆ ಆಯಿತು.

ಡ್ರಿಪ್ ವಾಲ್ವನ್ನು ತಾನೇ ತೆರೆದು ಮುಚ್ಚುವ ವ್ಯವಸ್ಥೆ ಮಾಡಿಸಿದರೆ ಆಗ ಮಾತು ಬೇರೆ. ತೆರೆದ ವಾಲ್ವ್ ಇಷ್ಟು ಹೊತ್ತಾದ ಮೇಲೆ ತಾನೇ ಮುಚ್ಚಬೇಕು ಎಂಬ ನಿಯಮ ಆ ಕಂಟ್ರೋಲರ್ ಒಳಗೇ ಇರಬೇಕು. "ಮುಚ್ಚು" ಅನ್ನುವ ಮೆಸೇಜ್ ಬರಲಿಲ್ಲ ಎಂದು ರಾತ್ರಿಯೆಲ್ಲ ನೀರು ಹರಿಯುವ ಹಾಗೆ ಆಗಬಾರದು. ಅದಕ್ಕೆ ದೊಡ್ಡ ಬಾಕ್ಸ್ ಬೇಡ. ಇಎಸ್‌ಪಿ32 ಥರದ, ವೈಫೈ ಇರುವ ಚಿಕ್ಕ ಚಿಪ್ಪು ಧಾರಾಳವಾಯಿತು.

ಹುಳು ಮನೆಗೆ ಟೆಂಪರೇಚರ್ ನೋಡೋ ಸಿಸ್ಟಂ ಬೇಕು. ಆ್ಯಪ್‌ನಿಂದಲೇ ಎಲ್ಲಾ ಮಾಡಬಹುದು ಅಂತಾರೆ. ನಂಬಬಹುದಾ?

ನೋಡಲು ಆ್ಯಪ್ ಸರಿ. ನಡೆಸಲು ಆ್ಯಪ್ ಒಂದನ್ನೇ ನಂಬಬೇಡಿ. ಚಾಕಿ ಹುಳುವಿಗೆ (ಎಳೆಯ ರೇಷ್ಮೆ ಹುಳು) 27ರಿಂದ 28 ಡಿಗ್ರಿ ಶಾಖ, 85ರಿಂದ 90ರಷ್ಟು ತೇವಾಂಶ ಬೇಕು. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ, 70ರ ಆಸುಪಾಸು ತೇವಾಂಶ. ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನ ಇದನ್ನು ಹಿಡಿದಿಡುವುದು ಎಷ್ಟು ಕಷ್ಟ ಎಂದು ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವಾಗ) ಇನ್ನೂ ಎಚ್ಚರ ಬೇಕು.

ಫ್ಯಾನ್, ಹೀಟರ್, ನೀರು ಚಿಮುಕಿಸುವ ಯಂತ್ರ ಇವುಗಳ ಆನ್–ಆಫ್ ಹುಳು ಮನೆಯ ಗೋಡೆ ಮೇಲಿನ ಕಂಟ್ರೋಲರ್‌ನಿಂದಲೇ ಆಗಬೇಕು. ಅದಕ್ಕೆ ಸೆನ್ಸರ್ ಸಾಕು, ನೆಟ್ ಬೇಡ. ಶಾಖ ಮಿತಿ ಮೀರಿದರೆ ಅಲ್ಲೇ ಒಂದು ಬಜರ್ ಕೂಗಬೇಕು. ಫೋನಿಗೆ ಬರುವ ಮೆಸೇಜ್ ಅದರ ಜೊತೆಗೆ ಇರಲಿ, ಅದರ ಬದಲಿಗೆ ಬೇಡ. ಇನ್ನೊಂದು ಮಾತು ಹೆಚ್ಚು ಜನ ಕೇಳುವುದಿಲ್ಲ, ಆದರೆ ಮುಖ್ಯ. ಸಾಧನವೇ ಸತ್ತರೆ ಯಾರು ಹೇಳುತ್ತಾರೆ? ಹದಿನೈದು ನಿಮಿಷ ಸುದ್ದಿಯೇ ಬರಲಿಲ್ಲ ಅಂದರೆ ನಿಮಗೆ ಫೋನ್ ಮಾಡುವ ಕೆಲಸವನ್ನು ಕ್ಲೌಡ್‌ಗೆ ಕೊಡಿ. ಇದನ್ನು ಎಡ್ಜ್ ಮಾಡಲಾರದು, ಕ್ಲೌಡ್ ಮಾತ್ರ ಮಾಡಬಲ್ಲದು.

ಒಂದು ಬೆಳೆಯ ಶಾಖದ ದಾಖಲೆ ಮತ್ತು ಆ ಬೆಳೆಗೆ ಬಂದ ಗೂಡಿನ ತೂಕ ಎರಡನ್ನೂ ಕ್ಲೌಡ್‌ನಲ್ಲಿ ಉಳಿಸಿಕೊಳ್ಳಿ. ನಾಲ್ಕು ಬೆಳೆ ಕಳೆದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಎಡವಿದಿರಿ ಎಂದು ಕಾಣುತ್ತದೆ.

ನಮ್ಮ ಫ್ಯಾಕ್ಟರಿಯಲ್ಲಿ ಪಿಎಲ್‌ಸಿ ಇದೆಯಲ್ಲ, ಮತ್ತೆ ಎಡ್ಜ್ ಯಾಕೆ?

ಪಿಎಲ್‌ಸಿ ಅಂದರೆ ಕಾರ್ಖಾನೆಯ ಯಂತ್ರಕ್ಕೆ ಜೋಡಿಸಿದ ಕಂಟ್ರೋಲರ್, ಅದು ಯಂತ್ರ ನಡೆಸುತ್ತದೆ. ಎಮರ್ಜೆನ್ಸಿ ಸ್ಟಾಪ್, ಸೇಫ್ಟಿ ಗಾರ್ಡ್ ಇವು ಅದಕ್ಕಿಂತ ಕೆಳಗಿನ ನೇರ ವೈರಿಂಗ್‌ನಲ್ಲಿ, ಇಲ್ಲವೇ ಸುರಕ್ಷತೆಗೆಂದೇ ಮಾಡಿದ ಪಿಎಲ್‌ಸಿಯಲ್ಲಿ ಇರಬೇಕು. ಕೆಲಸಗಾರರ ಕೈ ಉಳಿಸುವ ತೀರ್ಮಾನವನ್ನು ನೆಟ್ ಮೇಲೆ ಬಿಡಲೇಬಾರದು. ಇದರಲ್ಲಿ ರಾಜಿಯಿಲ್ಲ.

ಎಡ್ಜ್ ಬೇಕಾಗುವುದು ಪಿಎಲ್‌ಸಿ ನೋಡದ ವಿಷಯಕ್ಕೆ. ಒಂದು ಸ್ಪಿಂಡಲ್‌ನ (ಯಂತ್ರದ ತಿರುಗುವ ದಂಡ) ಬೇರಿಂಗ್ ಸವೆಯುತ್ತಿದೆಯಾ ಎಂದು ಅದರ ಕಂಪನದಿಂದ ತಿಳಿಯಬೇಕು ಅನ್ನಿ. ಸೆನ್ಸರ್ ಸೆಕೆಂಡಿಗೆ 10,000 ಸಲ ಮೂರು ದಿಕ್ಕಿನಲ್ಲಿ ಅಳೆದರೆ, ಒಂದಕ್ಕೆ 2 ಬೈಟ್‌ನಂತೆ, ಸೆಕೆಂಡಿಗೆ 60 ಕೆಬಿ. ದಿನಕ್ಕೆ 5 ಜಿಬಿ ದಾಟುತ್ತದೆ. ಅದೂ ಒಂದೇ ಸೆನ್ಸರ್‌ಗೆ. ಯಂತ್ರದ ಪಕ್ಕದ ಬಾಕ್ಸ್ ಆ ಕಂಪನವನ್ನು ಅಲ್ಲೇ ಬಿಡಿಸಿ, ಯಾವ ಆವರ್ತನದಲ್ಲಿ ಎಷ್ಟು ಜೋರು ಎಂಬ ನಾಲ್ಕಾರು ಅಂಕಿಗಳನ್ನು ನಿಮಿಷಕ್ಕೊಮ್ಮೆ ಮೇಲೆ ಕಳಿಸಿದರೆ ಸಾಕು. ತಿಂಗಳುಗಟ್ಟಲೆ ಅಂಕಿಗಳನ್ನು ಹೋಲಿಸುವುದು, ಒಂದೇ ಥರದ ಹತ್ತು ಯಂತ್ರಗಳಲ್ಲಿ ಯಾವುದು ಬೇರೆಯಾಗಿ ನಡೆಯುತ್ತಿದೆ ಎಂದು ಹುಡುಕುವುದು ಕ್ಲೌಡ್‌ನ ಕೆಲಸ.

## ಇನ್ನೂ ಆಳಕ್ಕೆ ಹೋದವರ ಪ್ರಶ್ನೆಗಳು

ಎಐ ಮಾಡೆಲ್ ಅಷ್ಟು ಚಿಕ್ಕ ಬಾಕ್ಸಲ್ಲಿ ಓಡುತ್ತಾ?

ಕಲಿಸುವುದು ಭಾರ, ಕಲಿತದ್ದನ್ನು ಬಳಸುವುದು ಹಗುರ. ಸಾವಿರಾರು ಹಣ್ಣಿನ ಫೋಟೋ ತೋರಿಸಿ ಮಾಡೆಲ್‌ಗೆ ಕಲಿಸುವ ಕೆಲಸವನ್ನು ಕ್ಲೌಡ್‌ನ ದೊಡ್ಡ ಜಿಪಿಯುಗಳಲ್ಲಿ (ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಚಿಪ್ಪು) ಮಾಡಿ, ಕೆಲವು ಗಂಟೆ ಬಾಡಿಗೆ ಕೊಟ್ಟರೆ ಆಯಿತು. ಆಮೇಲೆ ಮಾಡೆಲ್‌ನ 32 ಬಿಟ್ ಅಂಕಿಗಳನ್ನು 8 ಬಿಟ್‌ಗೆ ಇಳಿಸುತ್ತಾರೆ. ಗಾತ್ರ ಕಾಲು ಭಾಗ ಆಗುತ್ತದೆ. ನಿಖರತೆ ಸ್ವಲ್ಪ ಕಡಿಮೆಯಾಗಬಹುದು, ಅಳೆದು ನೋಡಬೇಕು. ಟೆನ್ಸರ್‌ಫ್ಲೋ ಲೈಟ್ (2024ರಿಂದ ಹೆಸರು ಲೈಟ್‌ಆರ್‌ಟಿ) ಥರದ ಸಾಫ್ಟ್‌ವೇರ್ 2017ರಿಂದ ಇದಕ್ಕೆಂದೇ ಇದೆ. 2019ರಲ್ಲಿ ಬಂದ ಎನ್ವಿಡಿಯಾದ ಜೆಟ್ಸನ್ ನ್ಯಾನೋ ಮತ್ತು ಗೂಗಲ್‌ನ ಕೋರಲ್ ಇಂಥ ಕೆಲಸಕ್ಕೇ ಮಾಡಿದ ಚಿಕ್ಕ ಬೋರ್ಡ್‌ಗಳು.

ಮಾಡೆಲ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಬೇಸಿಗೆಯ ಒಣ ಹಣ್ಣಿನ ಫೋಟೋದಿಂದ ಕಲಿತದ್ದು ಮಳೆಗಾಲದ ಮಣ್ಣು ಮೆತ್ತಿದ ಹಣ್ಣನ್ನು ಕೊಳೆತದ್ದು ಅನ್ನಬಹುದು. ರೈತರ ಒಳ್ಳೆ ಮಾಲು ಕೆಳಗಿನ ಗ್ರೇಡ್‌ಗೆ ಬಿದ್ದರೆ ನಷ್ಟ ಅವರದು. ಮಾಡೆಲ್‌ಗೆ ಅನುಮಾನ ಬಂದ ಫೋಟೋಗಳನ್ನು ಮಾತ್ರ ರಾತ್ರಿ ಕ್ಲೌಡ್‌ಗೆ ಕಳಿಸಿ. ಅನುಭವಿಗಳು ಅವನ್ನು ನೋಡಿ ಸರಿ ಹೆಸರು ಬರೆಯಲಿ. ಅದರಿಂದ ಮತ್ತೆ ಕಲಿಸಿ. ಈ ಸುತ್ತು ನಿಲ್ಲಬಾರದು.

ಭದ್ರತೆ ಯಾವುದರಲ್ಲಿ ಜಾಸ್ತಿ?

ಎರಡರಲ್ಲೂ ಅಪಾಯ ಇದೆ, ಬಗೆ ಬೇರೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಲೋಕದ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳೊಳಗೆ ಹೊಕ್ಕಿತು. ಕಾರಣ ಸರಳ: ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳು ಸೇರಿ ನಡೆಸಿದ ದಾಳಿಗೆ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ನಿಂತವು. ಎಡ್ಜ್‌ನ ದುರ್ಬಲ ಜಾಗ ಇದು. ಬೀಗ ಇಲ್ಲದ ಕೋಣೆ, ಹಳೇ ಸಾಫ್ಟ್‌ವೇರ್, ಎಲ್ಲಕ್ಕೂ ಒಂದೇ ಪಾಸ್‌ವರ್ಡ್.

ಕ್ಲೌಡ್‌ನಲ್ಲಿ ಇಟ್ಟದ್ದು ಎಂದೂ ಹೋಗುವುದಿಲ್ಲ ಎಂಬ ನಂಬಿಕೆಯೂ ತಪ್ಪು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಸುಟ್ಟುಹೋಯಿತು. ಬೇರೆ ಕಡೆ ಬ್ಯಾಕಪ್ ಇಟ್ಟುಕೊಳ್ಳದ ಗ್ರಾಹಕರ ಡೇಟಾ ವಾಪಸ್ ಬರಲಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಜನರ ಖಾಸಗಿ ಮಾಹಿತಿ ರಕ್ಷಿಸುವ ಡಿಜಿಟಲ್ ಕಾಯ್ದೆ 2023ರಲ್ಲಿ ಬಂದಿದೆ. ಕೆಲಸಗಾರರ ಮುಖ, ಬೆರಳಚ್ಚು ಇಟ್ಟುಕೊಳ್ಳುವವರು ಕಡಿಮೆ ಇಟ್ಟುಕೊಳ್ಳಿ, ಸಾಧ್ಯವಾದರೆ ಸಾಧನದ ಒಳಗೇ ಇಟ್ಟುಕೊಳ್ಳಿ. ಹಾಜರಿ ಬಿತ್ತು ಎಂಬ ಮಾತು ಮಾತ್ರ ಮೇಲೆ ಹೋದರೆ ಸಾಕಲ್ವಾ?

ಮಂಡಿಯಲ್ಲಿ ಎರಡು ಕೌಂಟರ್ ಇದೆ. ನೆಟ್ ಹೋಗಿ ಬಂದಾಗ ಎರಡರ ಲೆಕ್ಕ ಹೊಂದೋದಿಲ್ಲ. ಏನ್ ಮಾಡೋದು?

ಈ ಪ್ರಶ್ನೆ ಕೇಳಿದವರು ಕ್ಲೌಡ್–ಎಡ್ಜ್ ವಿಷಯದ ನಿಜವಾದ ಕಷ್ಟಕ್ಕೆ ಬಂದಿದ್ದಾರೆ. ಸೀಸನ್‌ನಲ್ಲಿ 15 ಕೆಜಿ ಬಾಕ್ಸ್‌ಗಳು ಸಾವಿರಗಟ್ಟಲೆ ಬರುವಾಗ ಬಿಲ್ಲು ನಿಲ್ಲಿಸಲು ಆಗುವುದಿಲ್ಲ. ಎರಡೂ ಕೌಂಟರ್ ತಮ್ಮ ಪಾಡಿಗೆ ಬರೆಯುತ್ತವೆ. ಆಮೇಲೆ ಸೇರಿಸುವಾಗ ಒಂದೇ ಬಿಲ್ಲು ಎರಡು ಸಲ ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಅಳಿಸಿಹೋಗುತ್ತದೆ.

ಮೊದಲು, ಬಿಲ್ಲಿನ ನಂಬರ್ ಸರ್ವರ್‌ನಿಂದ ಬರಬಾರದು. ಕೌಂಟರ್ ಗುರುತು, ದಿನಾಂಕ, ಸರಣಿ ಸಂಖ್ಯೆ ಸೇರಿಸಿ ಆ ಯಂತ್ರವೇ ಕೊಡಬೇಕು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಅದನ್ನು ಬಿಟ್ಟುಬಿಡಬೇಕು. ಕಳಿಸಿದ್ದು ತಲುಪಿತೋ ಇಲ್ಲವೋ ಎಂಬ ಅನುಮಾನದಲ್ಲಿ ಸಾಧನ ಮತ್ತೆ ಕಳಿಸುತ್ತಲೇ ಇರುತ್ತದೆ. ಹಾಗಾಗಿ ಇದು ಅಗತ್ಯ.

ಎರಡನೆಯದು, ಹಳೇ ಎಂಟ್ರಿಯನ್ನು ಅಳಿಸಿ ತಿದ್ದಬೇಡಿ. ತಪ್ಪಾಗಿದ್ದರೆ ಹೊಸ ತಿದ್ದುಪಡಿ ಎಂಟ್ರಿ ಹಾಕಿ. ಖಾತೆ ಪುಸ್ತಕ ಬರೆಯುತ್ತಿದ್ದ ಹಿರಿಯರಿಗೆ ಇದು ಹೊಸದಲ್ಲ.

ಕೊನೆಯದಾಗಿ, ಯಾವ ವಿಷಯಕ್ಕೆ ಯಾರು ಯಜಮಾನ ಎಂದು ಮೊದಲೇ ತೀರ್ಮಾನಿಸಿ. ರೈತರ ಹೆಸರು, ಬ್ಯಾಂಕ್ ಖಾತೆ, ಕಮಿಷನ್ ದರ ಇವುಗಳಿಗೆ ಕ್ಲೌಡ್ ಯಜಮಾನ, ಕೌಂಟರ್ ಬರೀ ಓದುತ್ತದೆ. ಆ ದಿನದ ತೂಕ, ಹರಾಜಿನ ಬೆಲೆಗೆ ಆ ಕೌಂಟರೇ ಯಜಮಾನ, ಕ್ಲೌಡ್ ಬರೀ ಪಡೆಯುತ್ತದೆ. ಒಂದೇ ಅಂಕಿಯನ್ನು ಎರಡು ಕಡೆ ಬದಲಾಯಿಸಲು ಬಿಟ್ಟರೆ ಜಗಳ ಖಂಡಿತ.

ನೂರಾರು ಹಳ್ಳಿಯಲ್ಲಿ ಬಾಕ್ಸ್ ಇದ್ರೆ ಅಪ್‌ಡೇಟ್ ಹೇಗೆ ಮಾಡೋದು?

ಸಾಧನದ ಮೆಮೊರಿಯಲ್ಲಿ ಎರಡು ಭಾಗ ಇರಲಿ. ಒಂದರಲ್ಲಿ ಈಗಿನ ಸಾಫ್ಟ್‌ವೇರ್ ಓಡುತ್ತಿರಲಿ, ಹೊಸದು ಇನ್ನೊಂದರಲ್ಲಿ ಇಳಿಯಲಿ. ಹೊಸದರಿಂದ ಶುರುವಾಗಿ ಸರಿಯಾಗಿ ನಡೆದರೆ ಅದೇ ಉಳಿಯುತ್ತದೆ. ನಡೆಯದಿದ್ದರೆ ತಾನೇ ಹಳೆಯದಕ್ಕೆ ಮರಳುತ್ತದೆ. ಮೊದಲು ಐದು ಹತ್ತಿರದ ಹಳ್ಳಿಗೆ ಕಳಿಸಿ, ಒಂದು ವಾರ ನೋಡಿ, ಆಮೇಲೆ ಉಳಿದವಕ್ಕೆ ಕಳಿಸಿ. ಹಾಲು ಹಾಕುವ ಹೊತ್ತಲ್ಲಿ ಕಳಿಸಲೇಬೇಡಿ. ಅಮೆಜಾನ್‌ನ ಗ್ರೀನ್‌ಗ್ರಾಸ್, ಮೈಕ್ರೋಸಾಫ್ಟ್‌ನ ಐಒಟಿ ಎಡ್ಜ್ ಇಂಥ ಕೆಲಸಕ್ಕೆ ಇವೆ. ನಿಮ್ಮದೇ ತಂಡ ಇದ್ದರೆ ಕೆ3ಎಸ್ (ಹಲವು ಬಾಕ್ಸ್‌ಗಳಲ್ಲಿ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ನೋಡಬಹುದು. ಬಾಕ್ಸ್ ಹ್ಯಾಂಗ್ ಆದರೆ ತಾನೇ ರೀಸ್ಟಾರ್ಟ್ ಆಗುವ ವಾಚ್‌ಡಾಗ್ ಆನ್ ಮಾಡಿಸಿ. ಎಷ್ಟೋ ಬೈಕ್ ಓಡಾಟ ಉಳಿಯುತ್ತದೆ.

ಕಂಪನಿಯವರು ಸರ್ವಿಸ್ ನಿಲ್ಲಿಸಿದ್ರೆ ನಮ್ಮ ಗತಿ?

ದೊಡ್ಡವರೂ ನಿಲ್ಲಿಸುತ್ತಾರೆ. ಸಾಧನಗಳನ್ನು ಕ್ಲೌಡ್‌ಗೆ ಜೋಡಿಸುವ ಗೂಗಲ್‌ನ ಐಒಟಿ ಕೋರ್ ಸೇವೆ 2023ರ ಆಗಸ್ಟ್ 16ರಂದು ಮುಚ್ಚಿತು. ಬಳಸುತ್ತಿದ್ದವರಿಗೆ ಒಂದು ವರ್ಷದ ನೋಟಿಸ್ ಇತ್ತು. ಕೊಳ್ಳುವ ಮೊದಲೇ ಬರೆಸಿಕೊಳ್ಳಿ: ನಮ್ಮ ಡೇಟಾ ಸಾದಾ ಫೈಲ್ ಆಗಿ ಯಾವಾಗ ಬೇಕಾದರೂ ಸಿಗಬೇಕು, ಸಾಧನವನ್ನು ಬೇರೆ ಸರ್ವರ್‌ಗೆ ತಿರುಗಿಸಲು ಬರಬೇಕು, ಚಂದಾ ನಿಂತರೂ ಸ್ಥಳದ ಕೆಲಸ ನಡೆಯಬೇಕು. ಎಂಕ್ಯೂಟಿಟಿ ಥರದ, ಸಾಧನಗಳ ಸಂದೇಶ ಕಳಿಸಲು ಎಲ್ಲರೂ ಬಳಸುವ ಪದ್ಧತಿಯಲ್ಲಿ ಮಾತಾಡುವ ಸಾಧನವಾದರೆ ತಿರುಗಿಸುವುದು ಸುಲಭ.

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಕ್ಲೌಡ್ ಕಲೀಲಾ, ಎಡ್ಜ್ ಕಲೀಲಾ?

ಲಿನಕ್ಸ್, ನೆಟ್‌ವರ್ಕಿಂಗ್, ಪೈಥಾನ್ ಮೊದಲು. ಎರಡಕ್ಕೂ ಅವೇ ಬುನಾದಿ. ಕೆಲಸದ ಜಾಹೀರಾತು ಕ್ಲೌಡ್‌ಗೆ ಜಾಸ್ತಿ. ಆದರೆ ಕಾರ್ಖಾನೆ, ಡೈರಿ, ತೋಟ ಮೂರೂ ಒಂದು ಗಂಟೆಯ ದಾರಿಯಲ್ಲಿರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಎಡ್ಜ್ ಕಲಿಯಲು ಸಿಗುವ ಅನುಕೂಲ ದೊಡ್ಡ ಊರಿನ ಮಕ್ಕಳಿಗೆ ಸಿಗುವುದಿಲ್ಲ.

ಎಂಕ್ಯೂಟಿಟಿಯನ್ನು ಚೆನ್ನಾಗಿ ಓದಿ. 1999ರಲ್ಲಿ ತೈಲದ ಪೈಪ್‌ಲೈನ್‌ಗಳನ್ನು ದುಬಾರಿ, ನಿಧಾನದ ಸ್ಯಾಟಲೈಟ್ ಲಿಂಕ್‌ನಲ್ಲಿ ನೋಡಿಕೊಳ್ಳಲು ಮಾಡಿದ್ದು ಅದು. ಕೆಟ್ಟ ನೆಟ್‌ನಲ್ಲಿ ಕೆಲಸ ಮಾಡಲೆಂದೇ ಹುಟ್ಟಿದ್ದರಿಂದ ನಮ್ಮ ಕಡೆಗೆ ಹೊಂದುತ್ತದೆ.

ಪ್ರಾಜೆಕ್ಟ್‌ಗೆ ಇದನ್ನು ಮಾಡಿ. ಒಂದು ಇಎಸ್‌ಪಿ32, ಶಾಖದ ಸೆನ್ಸರ್, ಆರ್‌ಟಿಸಿ, ಮೆಮೊರಿ ಕಾರ್ಡ್, ಯಾವುದಾದರೂ ಕ್ಲೌಡ್‌ನ ಉಚಿತ ಖಾತೆ. ನಿಮಿಷಕ್ಕೊಂದು ಎಂಟ್ರಿ ಬರಲಿ. ಆಮೇಲೆ ಮಧ್ಯೆ ಮಧ್ಯೆ ವೈಫೈ ಕಿತ್ತುಹಾಕಿ, ಕರೆಂಟ್ ತೆಗೆಯಿರಿ, ಎರಡನ್ನೂ ಒಟ್ಟಿಗೆ ತೆಗೆಯಿರಿ. ವಾರ ಕಳೆದ ಮೇಲೆ ಎಣಿಸಿ. ಸಾಧನ ಓಡುತ್ತಿದ್ದ ಪ್ರತಿ ನಿಮಿಷಕ್ಕೂ ಒಂದೇ ಒಂದು ಎಂಟ್ರಿ, ಸರಿಯಾದ ಸಮಯದ ಜೊತೆ ಕ್ಲೌಡ್‌ನಲ್ಲಿ ಇರಬೇಕು. ಕಡಿಮೆಯೂ ಬೇಡ, ಎರಡೆರಡೂ ಬೇಡ. ಅದು ಸರಿ ಬರುವವರೆಗೆ ಬಿಡಬೇಡಿ. ಸರಿ ಬಂದ ದಿನ ಅದನ್ನು ಎತ್ತಿಕೊಂಡು ಹತ್ತಿರದ ಡೈರಿಯ ಕಾರ್ಯದರ್ಶಿಯವರ ಹತ್ತಿರ ಹೋಗಿ, ಬಿಎಂಸಿಯ ಶಾಖ ನೋಡಲು ಒಂದು ತಿಂಗಳು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ.